ನನ್ನ ಪಾಲಿನ ಸಿಟ್ಟು

ಪೋತ್ನಾಳ
ಸೋಮವಾರ, ೧೪ ಜುಲೈ ೨೦೨೫

ದೇವಿಕಾಳ ಅಪ್ಪನವರಿಗೆ ಲಲಿತಾಳ ನಮಸ್ಕಾರ.

ನಿಮ್ಮ ಬೆನ್ನುನೋವು ಹೇಗಿದೆ? ದಿನವಿಡೀ ಜೆಸಿಬಿ ಮೇಲೆ ಕೂರುವವರು, ಮಲಗುವ ಮುಂಚೆಯಾದರೂ ಎಣ್ಣೆ ತಿಕ್ಕಿಕೊಳ್ಳಿ. ಎಲ್ಲ ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ದನಿ ಕೇಳಿದೊಡನೆ ಮಗಳು ಫೋನನ್ನೇ ಕಿತ್ತುಕೊಳ್ಳುತ್ತಾಳೆ. ನೀವಿಬ್ಬರೂ ನಗುವುದು ಒಲೆಯ ಮುಂದೆ ಕೂತ ನನಗೆ ಕೇಳಿಸುತ್ತದೆ. ಅದಕ್ಕೇ ಹೈದರಾಬಾದಿಗೆ ಹೊರಟಿರುವ ನಿಮ್ಮ ಜೊತೆಗಾರ ಅಲ್ಲಾಉದ್ದೀನರ ಕೈಯಲ್ಲಿ ಈ ಪತ್ರ.

ಕಳೆದ ವಾರ ದೇವಿಕಾ ಶಾಲೆಯಲ್ಲಿ ಬೆಂಚಿನ ಜಾಗಕ್ಕಾಗಿ ಗೆಳತಿ ಮಿನಾಜಳ ಮುಖ ಪರಚಿದಳು. ಮನೆಗೆ ಕರೆತಂದರೆ ತಟ್ಟೆ ಎಸೆದು, ತಡೆಯಲು ಹೋದ ನನ್ನ ಮುಂಗೈ ಕಚ್ಚಿದಳು. ಹನ್ನೊಂದು ವರ್ಷದ ಹುಡುಗಿ. ವರ್ಷದ ಮೇಲಾಯಿತು, ವಾರದಲ್ಲಿ ಮೂರು ನಾಲ್ಕು ಸಲ ಇದೇ; ಉಳಿದ ಹೊತ್ತೂ ಗಂಟುಮೋರೆ. ಹೇಳಿದಾಗಲೆಲ್ಲ ನೀವು, "ನನ್ನ ಮುಂದ ಬೆಕ್ಕಿನ ಮರಿ ಇದ್ದಂಗ ಇರ್ತಾಳ, ನಿನಗ ಸಂಭಾಳಿಸಾಕ ಬರಂಗಿಲ್ಲ" ಎನ್ನುತ್ತಿದ್ದಿರಿ. ಅತ್ತೆಯವರು ದೇವದುರ್ಗದಿಂದ ತಾಯಿತ ತಂದು ಕಟ್ಟಿದರು, ಅದನ್ನೂ ಕಿತ್ತೆಸೆದಳು.

ಗುರುವಾರ ರಾಯಚೂರಿಗೆ ಕರೆದೊಯ್ದೆ. ಮಕ್ಕಳ ಮನಸ್ಸಿನ ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. "ಇದು ಹಟ ಅಲ್ಲ, ಗಾಳಿನೂ ಅಲ್ಲ. ಮನಸ್ಸಿನ ಕಾಯಿಲಿ. ನೀವು ಬೆಳೆಸಿದ್ದು ತಪ್ಪಲ್ಲ. ಸಾವಕಾಶ ಕಡಿಮಿ ಆಗ್ತದ" ಎಂದರು. ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು. ಆಮೇಲೆ ಅವಳನ್ನೇ ಕೇಳಿದರು, ಯಾರ ಮುಂದೆ ಸಿಟ್ಟು ಬರುವುದಿಲ್ಲ ಎಂದು. "ಅಪ್ಪನ ಮುಂದ" ಎಂದಳು. ಹೆರಳು ಹಾಕುವವಳು ನಾನು, ಕಚ್ಚಿಸಿಕೊಳ್ಳುವವಳು ನಾನು. ತಿಂಗಳಿಗೊಮ್ಮೆ ಮಿರ್ಚಿ ಪೊಟ್ಟಣ ಹಿಡಿದು ಬರುವ ನಿಮಗೆ ಅವಳ ನಗು. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಗಂಡನಿಗೆ ಹೀಗೆ ಬರೆಯಬಾರದೇನೋ. ಬರೆದಾಯಿತು.

ಅತ್ತೆಯವರು ನಿಮ್ಮನ್ನು ದಿನಾ ನೆನೆಯುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಳ್ಳಿ.

ನಿಮ್ಮ
ಲಲಿತಾ

ತಾ.ಕ.: ಅಲ್ಲಾಉದ್ದೀನರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನ ಮುಂದೆ ಸಿಟ್ಟು ಯಾಕೆ ಬರುವುದಿಲ್ಲ ಎಂದು ಡಾಕ್ಟರಮ್ಮ ಮತ್ತೆ ಕೇಳಿದರು. "ಬರ್ತದ, ತಡಕೊಂತೀನಿ. ಸಿಟ್ಟು ಮಾಡಿದ್ರ ಅಪ್ಪ ಹೊಳ್ಳಿ ಬರಂಗಿಲ್ಲ. ಅವ್ವ ಎಲ್ಲಿಗೂ ಹೋಗಂಗಿಲ್ಲಲ್ಲ" ಎಂದಳು. ಮುಂದಿನ ವಾರ ನಾವಿಬ್ಬರೂ ಬರಬೇಕಂತೆ. ರಜೆ ಹಾಕಿ ಬನ್ನಿ. ಅವಳು ನಿಮ್ಮ ಮೇಲೂ ಕಿರುಚುವವರೆಗೆ ಇರಿ. ಕಿರುಚಿದಾಗ ಎದ್ದು ಹೊರಗೆ ಹೋಗಬೇಡಿ.