ಹೊಸ ಬಾವಿಯ ನೀರು ಕುಡಿದ ಬಳ್ಳಿ

ಸವಣೂರು
೧೦-೩-೧೯೩೮

ಅವ್ವಾ, ನಿನ್ನ ಪಾದಕ್ಕೆ ಮಗಳು ಹಾಲವ್ವನ ಶರಣು.

ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಕುಂತಲ್ಲಿ ಕೂರಲಾಗುತ್ತಿಲ್ಲ. ಸೋಮವಾರ ನನ್ನನ್ನು ತವರಿಗೆ, ಚಿಕ್ಕೇರೂರಿಗೆ ಕಳಿಸುತ್ತಾರಂತೆ. ಹಬ್ಬಕ್ಕಲ್ಲ, ಮತ್ತೆ ಕರೆಸಿಕೊಳ್ಳದಂತೆ ಕಳಿಸಿಯೇಬಿಡುತ್ತಾರೆ.

ನಮ್ಮ ವೀಳ್ಯದ ಎಲೆತೋಟ ಹಳದಿಗಟ್ಟಿದೆ. ಎಲೆಯ ಅಂಚು ಸುಟ್ಟಂತಾಗಿ ಮುದುಡುತ್ತಿದೆ. ಮುಟ್ಟಾದ ಹೆಂಗಸು ಎಲೆತೋಟಕ್ಕೆ ಕಾಲಿಡಬಾರದೆಂಬುದು ಇಲ್ಲಿಯ ಕಟ್ಟಳೆ. ನಾನು ಅದನ್ನು ಮುರಿದೆನೆಂದು ಅತ್ತೆಯ ವಾದ. ಮೊನ್ನೆ ಆಳುಗಳ ಮುಂದೆಯೇ, "ಆ ದಿನದಾಗ ಕದ್ದು ತ್ವಾಟಕ್ಕ ಹೋಗೀದಿ, ಒಪ್ಪಿಕೊಂಡ್ಬಿಡು" ಎಂದರು. ನಾನು ಒಪ್ಪಲಿಲ್ಲ. ಸಿಟ್ಟಿಗೆ ಒಂದು ಬಳ್ಳಿಯ ಬುಡವನ್ನೇ ಅಗೆದುಬಿಟ್ಟೆ. ಅದೂ ಒಂದು ತಪ್ಪಾಯಿತು.

ಅಗೆದಿದ್ದಕ್ಕೇ ನಿಜ ಕಂಡಿತು. ಹೋದ ವರ್ಷ ಮಾವ ತೋಡಿಸಿದ ಹೊಸ ಬಾವಿಯ ನೀರು ಹರಿಯುವ ಕಡೆ ಬೇರಿನ ತುದಿಗಳೆಲ್ಲ ಕಂದಿ ಮೊಂಡಾಗಿವೆ. ಮಣ್ಣ ಮೇಲೆ ಬೆಳ್ಳಗೆ ಸವಳು ಕೂತಿದೆ, ನಾಲಿಗೆಗಿಟ್ಟರೆ ಉಪ್ಪು. ಉಳಿದ ಬೇರುಗಳು ಹಿಂದಕ್ಕೆ ಹೊರಳಿ, ಆ ನೀರು ತಲುಪದ ಬದಿಗೆ ಹೋಗಿವೆ. ಅಲ್ಲಿ ಉಪ್ಪಿಲ್ಲ, ಗೊಬ್ಬರವೂ ಇಲ್ಲ. ಕೂದಲೆಳೆಯಂತೆ ಸಣ್ಣಗಾಗಿ, ಉದ್ದಕ್ಕೆ ಚಾಚಿಕೊಂಡು ಅನ್ನ ಹುಡುಕುತ್ತಿವೆ.

ನಿನ್ನ ಅಳಿಯಂದಿರಿಗೆ ತೋರಿಸಿದೆ. ಅವರಿಗೆ ತಿಳಿಯಿತು, ಮುಖದಲ್ಲೇ ಗೊತ್ತಾಯಿತು. ಆದರೂ, "ಅಪ್ಪ ತೋಡಿಸಿದ ಬಾವಿಗೆ ನಾ ಕೆಟ್ಟ ಹೆಸರಿಡಾಕ ಆಗೂದಿಲ್ಲ" ಎಂದು ಹೊರಟೇಹೋದರು. ಬಾವಿಯ ಮಾನ ಉಳಿಯಬೇಕು, ಹೆಂಡತಿಯ ಮಾನ ಹೋದರೂ ನಡೆಯುತ್ತದೆ! ಅವರ ಮೇಲೆ ನನಗೆ ಸಿಟ್ಟಿದೆ ಅವ್ವ.

ಸವಳು ಹತ್ತಿದ ಬೇರನ್ನು ನಮ್ಮಪ್ಪ ನೋಡಿದೊಡನೆ ಗುರುತು ಹಿಡಿಯುತ್ತಾನೆ. ಸೊಸೆಯ ಮಾತು ಕೇಳದ ಮಾವ ಬೀಗರ ಮಾತನ್ನು ತೆಗೆದುಹಾಕಲಾರರು. ಸೋಮವಾರದೊಳಗೆ ಅಪ್ಪ ಇಲ್ಲಿರಲಿ. ಎಲೆ ಪೆಂಡಿ ಒಯ್ಯುವ ಹುಸೇನಸಾಬರ ಕೈಯಲ್ಲಿ ಈ ಕಾಗದದ ಜೊತೆ ಬೇರಿನ ತುಂಡನ್ನೂ ಕಟ್ಟಿ ಕೊಟ್ಟಿದ್ದೇನೆ.

ದಾರಿ ಕಾಯುತ್ತಿರುವ ನಿನ್ನ ಮಗಳು,
ಹಾಲವ್ವ

ತಾ.ಕ.: ಅವ್ವ, ಮೂರು ತಿಂಗಳಿಂದ ನಾನು ಮುಟ್ಟಾಗಿಯೇ ಇಲ್ಲ. ಹಿಂದೆ ಎರಡು ಸಲ ಹೊಟ್ಟೆಯಲ್ಲಿದ್ದುದನ್ನು ಕಳಕೊಂಡವಳು, ಹೇಳಲು ಹೆದರಿ, ತಿಂಗಳ ಲೆಕ್ಕಕ್ಕೆ ಮುಟ್ಟಾದವಳಂತೆ ಸುಮ್ಮನೆ ತೋಟ ಬಿಟ್ಟು ದೂರ ಉಳಿಯುತ್ತಿದ್ದೆ. ಈಗ ಬಾಯಿಬಿಟ್ಟರೆ ನನ್ನನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಆದರೆ ಮರುದಿನವೇ ಅದೇ ಅಪವಾದವನ್ನು ಕಳೆ ಕೀಳಲು ಬರುವ ಗುತ್ತೆವ್ವನ ಮೇಲೆ ಹೊರಿಸುತ್ತಾರೆ. ಅವಳಿಗೆ ಹೋಗಲು ತವರಿಲ್ಲ. ಬಾವಿಯ ಮಾತು ಬಗೆಹರಿಯುವವರೆಗೆ ಇದನ್ನು ಅಪ್ಪನಿಗೂ ಹೇಳಬೇಡ.