ಕೆಂಪು ದೀಪ ಆರುವವರೆಗೆ

ರೂವಿ, ಮಸ್ಕತ್
ಭಾನುವಾರ

ಶೈಲಶ್ರೀ ಅಕ್ಕನಿಗೆ ಉಮಾವತಿಯ ನಮಸ್ಕಾರ.

ನಿಮ್ಮ ಮಾವನವರ ಪೆಟ್ಟಿಗೆ ಕಟ್ಟಿಯಾಯಿತು. ನಾಳೆ ನಿಮ್ಮ ಯಜಮಾನರು ಅವರನ್ನು ನೀವಿರುವ ಲಂಡನ್ನಿಗೆ ಕರೆತರುತ್ತಾರೆ. ಅಲ್ಲಿ ಅವರನ್ನು ಸೇರಿಸುವ ವೃದ್ಧಾಶ್ರಮದ ನರ್ಸುಗಳಿಗೆ ಕೆಲವು ಮಾತು ಹೇಳುವುದಿದೆ. ನನ್ನ ಇಂಗ್ಲಿಷು ಸಾಲದು, ನೀವೇ ಹೇಳಿಬಿಡಿ.

ಬಲಗಿವಿ ಕೇಳುವುದಿಲ್ಲ. ಚಹಾ ತಣಿಸಿ ಕೊಡಲಿ.

ಪೇಪರ್ ಓದುತ್ತ ಒಂದೊಂದೇ ಹಾಳೆಯನ್ನು ನೆಲಕ್ಕೆ ಬಿಡುತ್ತಾರಲ್ಲ, ಅದಕ್ಕೆ ಯಾರೂ ಗದರಿಸಬಾರದು. ನಿಮ್ಮ ಮನೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗೊಣಗಿದಾಗ ನೀವೇ ಹೇಳಿದ್ದಿರಿ: "ಚೆಲ್ಲೂದಲ್ಲವ್ವಾ ಅದು. ಮಾವನೋರು ಮಾಡ್ತಿದ್ದ ರೇಡಿಯೊ ನಾಟಕದಾಗ ಹಾಳಿ ಮಗಚಿದ್ರ ಮೈಕಿಗೆ ಸಪ್ಪಳ ಕೇಳಸ್ತದ. ಅದಕ್ಕ ಓದಿದ್ದನ್ನ ಮೆತ್ತಗ ಕೈ ಬಿಡ್ತಾರ." ರಂಗದ ಮೇಲೆ ಹಾಕಿದ ವೇಷಗಳೆಲ್ಲ ಮರೆತುಹೋದವು, ಮಗನ ಹೆಸರೂ ಹೋಯಿತು. ಇದನ್ನು ಮಾತ್ರ ಕೈ ಮರೆತಿಲ್ಲ.

ನಿಮಗೆ ತಿಳಿಯದ್ದು ಒಂದಿದೆ. ಅದು ನೀವು ಇಲ್ಲಿದ್ದಾಗ ಆಫೀಸಿನಿಂದ ಬರುವ ಮೊದಲೇ ಆಗುತ್ತಿತ್ತು. ಕೊನೆಯ ಹಾಳೆಯನ್ನು ಅವರು ಬಿಡುವುದಿಲ್ಲ. ಅದನ್ನು ಹಿಡಿದುಕೊಂಡು, ಉಸಿರು ಕಟ್ಟಿ, ಟಿವಿಯ ಕೆಂಪು ದೀಪವನ್ನೇ ನೋಡುತ್ತಾರೆ. ರೇಡಿಯೊ ಸ್ಟುಡಿಯೋದಲ್ಲಿ ಅಂಥದೇ ಕೆಂಪು ದೀಪ ಆರುವವರೆಗೆ ಯಾರೂ ಅಲುಗಾಡುವಂತಿಲ್ಲವಂತೆ. ನಾನು ಗೋಡೆಯ ಸ್ವಿಚ್ ಆಫ್ ಮಾಡಿ, "ಖಲಾಸ್, ಸಾಯ್ಬ್ರೆ" ಅನ್ನುತ್ತೇನೆ. ಆಗ ಉಸಿರು ಬಿಟ್ಟು, ಚೆನ್ನಾಗಿ ಬಂತಾ ಎಂದು ಕೇಳುತ್ತಾರೆ. ಚೆನ್ನಾಗಿತ್ತು ಅನ್ನಬೇಕು.

ನನಗೆ ಇಲ್ಲೇ ಬರ್ಕಾ ಊರಿನಲ್ಲಿ ಬೇರೆ ಮನೆಯ ಕೆಲಸ ಸಿಕ್ಕಿದೆ, ಆ ಚಿಂತೆ ನಿಮಗೆ ಬೇಡ.

ಅಲ್ಲಿಯ ಕೋಣೆಯಲ್ಲೂ ಟಿವಿ ಇದ್ದರೆ, ದಿನಾ ಸಂಜೆ ಯಾರಾದರೂ ಹೋಗಿ ಆ ದೀಪ ಆರಿಸಲಿ. ಇಲ್ಲದಿದ್ದರೆ ಅವರು ಹಾಗೆಯೇ ಕೂತಿರುತ್ತಾರೆ ಅಕ್ಕ.

ಇತಿ,
ಉಮಾವತಿ