ಏಳು ಗಂಟೆಗೆ ಒಡೆಯುವ ಚಿತ್ರ

ಮಾರ್ಚ್ ೧೪, ಗುರುವಾರ.

ದಿನಾ ಸಂಜೆ ಏಳಕ್ಕೆ ಟೀವಿ ಚಿತ್ರ ಚೂರುಚೂರಾಗುತ್ತಿದ್ದುದಕ್ಕೆ ಕಾರಣ ಇವತ್ತು ಸಿಕ್ಕಿತು: ನನ್ನ ಮೇಜಿಗೆ ನಾನೇ ತಂದು ಹಾಕಿದ ಅಗ್ಗದ ಎಲ್‌ಇಡಿ ಬಲ್ಬು. ನಾನು ಅದನ್ನು ಹೊತ್ತಿಸುವುದೂ ದಿನಾ ಏಳಕ್ಕೇ. ಆರಿಸಿದರೆ ಚಿತ್ರ ಸರಿಹೋಗುತ್ತದೆ, ಹೊತ್ತಿಸಿದರೆ ಒಡೆಯುತ್ತದೆ. ಮೂರು ಸಲ ನೋಡಿದೆ.

ಹೋದ ವಾರ ಅತ್ತೆಯನ್ನು ಮಕ್ಕಳೆದುರೇ ಗದರಿದ್ದೆ: "ಧೂಳು ಒರೆಸೋಕೆ ಹೋಗಿ ಆಂಟೆನಾ ತಿರುಗಿಸಿಬಿಡ್ತೀರಿ." ಅವರು ಅಂದಿನಿಂದ ಟೀವಿಯ ಕಡೆಗೇ ಬಂದಿರಲಿಲ್ಲ.

ಇವತ್ತು ನಾನೇ ಕರೆದೆ. ಬಾಗಿಲಲ್ಲೇ ನಿಂತು ಕೇಳಿದರು, "ಏನಾಗಿತ್ತಪ್ಪಾ?"

"ಕಿಟಕಿ ಗಾಳಿಗೆ ಆಂಟೆನಾ ವಾಲಿತ್ತು," ಅಂದುಬಿಟ್ಟೆ.

"ಸದ್ಯ, ನನ್ನ ಕೈಯಿಂದ ಆಗಿದ್ದಲ್ವಲ್ಲ," ಎಂದು ಒಳಗೆ ಬಂದು ಕೂತರು.

ಪಾಪ, ಅವರೂ ನನ್ನ ಹೋದ ವಾರದ ಮಾತನ್ನೇ ನಂಬಿದ್ದರು. ಬಲ್ಬನ್ನು ಕಸದ ಬುಟ್ಟಿಗೆ ಹಾಕಿ, ಕಾಣದಂತೆ ಮೇಲೆ ಕಾಗದ ಮುಚ್ಚಿದ್ದೇನೆ. ನಾಳೆ ನಿಜ ಹೇಳಬೇಕು, ಅದೂ ಮಕ್ಕಳೆದುರೇ. ಹೇಳುತ್ತೇನೋ, ಇಲ್ಲ ಮತ್ತೆ ಗಾಳಿಯ ಮೇಲೇ ಹಾಕುತ್ತೇನೋ...